ಬೆಂದ ಸ್ಕೇಟುಗಳು

ಶಿಕೂತಿಮಿ, ಶನಿವಾರ

ಪ್ರೀತಿಯ ಒದೀಲ್,

ಪೂರ್ತಿ ಓದುವ ತನಕ ಕಿರುಚಬೇಡ. ಬಿಸಿಗೆ ಮೆತ್ತಗಾಗಿ ಕಾಲಿಗೆ ಸರಿಯಾಗಿ ಕೂರಲೆಂದು ನೀನು ಓವನ್ನಿನಲ್ಲಿಟ್ಟ ಹೊಸ ಐಸ್ ಹಾಕಿ ಸ್ಕೇಟುಗಳನ್ನು ನೋಡದೆ, ನಾನು ಮಾಂಸದ ಪೈಗೆಂದು ಉರಿ ಏರಿಸಿಬಿಟ್ಟೆ. ಎರಡೂ ಕರಗಿ ಮುದ್ದೆಯಾಗಿವೆ. ನಮ್ಮ ಕಾಲದ ತೊಗಲಿನ ಸ್ಕೇಟು ಕಾಲನ್ನೇ ಕಚ್ಚಿ ತನ್ನ ಅಳತೆಗೆ ತರುತ್ತಿತ್ತು, ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ.

ನಿನ್ನ ಅಜ್ಜಿ ಇಣುಕಿ, "ನಿನ್ನ ಪೈಗಿಂತ ಇದೇ ಚೆನ್ನಾಗಿ ಬೆಂದಿದೆ ಕಣೋ!" ಅಂದಳು. ನನಗೆ ನಗು ಬರಲಿಲ್ಲ.

ಸಂಜೆ ಪ್ರಾಂತ್ಯದ ತಂಡದ ಆಯ್ಕೆ ಪಂದ್ಯ. ಬಾಗಿಲ ಬಳಿ ನನ್ನ ಹಳೆಯ ಜೋಡಿ ಇದೆ, ಅಲಗು ಮಸೆದಿದ್ದೇನೆ. ನಿನ್ನ ಪಾದ ನನ್ನದೇ ಅಳತೆ. ಕಣಕಾಲಿಗೆ ಅವು ಆಸರೆ ಕೊಡುವುದಿಲ್ಲ, ಲೇಸು ಬಿಗಿಯಾಗಿ ಕಟ್ಟು.

ಕಾರು ಶುರುಮಾಡಿ ಕೂತಿದ್ದೇನೆ. ಕೋಪವಿದ್ದರೆ ಹಿಂದಿನ ಸೀಟಿನಲ್ಲಿ ಕೂರು. ಆದರೆ ಬಾ.

ನಿನ್ನ ಅಪ್ಪ,
ಫೆರ್ನಾಂ