ಎರಡು ಸಲ ತಟ್ಟಿ ಸುಮ್ಮನಾಗುವ ಸದ್ದು

ನಮ್ಮ ಮನೆಯ ಸಾಮಾನು ಕೋಣೆಯಿಂದ
ಮಂಗಳವಾರ, ಹದಿನಾಲ್ಕನೇ ತಾರೀಕು, ಬೆಳಗಿನ ಜಾವ ನಾಲ್ಕೂ ಹತ್ತು

ಪ್ರೀತಿಯ ಅತ್ತೆ,

ಮಂಡಿ ನೋವು ಹೇಗಿದೆ? ನಾದಿನಿಯ ಮನೆ ಎರಡನೇ ಮಹಡಿಯಲ್ಲಿದೆ, ಅಲ್ಲಿ ಲಿಫ್ಟ್ ಇಲ್ಲ ಎನ್ನುವುದು ನೀವು ಹೊರಟು ಹೋದ ಮೇಲೆ ನನಗೆ ಹೊಳೆಯಿತು. ಹತ್ತುವಾಗ ನೋಯದ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದು ಡಾಕ್ಟರು ಹೇಳಿದ್ದನ್ನು ಮರೆಯಬೇಡಿ. ನೀವೇನೂ ಮರೆಯುವವರಲ್ಲ, ಮರೆಯುವವಳು ನಾನು. ನಿಮ್ಮ ಮಗ ಫೋನ್ ಮಾಡಿದಾಗಲೆಲ್ಲ ಚೆನ್ನಾಗಿದ್ದೇನೆ ಎನ್ನುತ್ತೀರಂತೆ. ಅವರು ಫೋನನ್ನು ನನ್ನ ಕಡೆ ಚಾಚಿದರೆ ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋಗುತ್ತೇನೆ. ಒಲೆಯ ಮೇಲೆ ಏನೂ ಇರುವುದಿಲ್ಲ. ಮಾತನ್ನೇ ಮಾರಿ ಬದುಕುವವಳಿಗೆ ಎರಡು ಮಾತು ಆಡಲಾಗದೆ ಕಾಗದ ಬರೆಯಬೇಕಾಗಿದೆ ನೋಡಿ.

ಗುಬ್ಬಿ ಆರೋಗ್ಯವಾಗಿದ್ದಾಳೆ. ಮೊನ್ನೆಗೆ ಎರಡು ವರ್ಷ ಮೂರು ತಿಂಗಳು ತುಂಬಿತು. ನೀವು ಹೊಲಿದು ಕೊಟ್ಟ ಬಟ್ಟೆಯ ಮೊಲದ ಒಂದು ಕಿವಿ ಕಿತ್ತುಬಂದಿದೆ, ನಾನು ಹೊಲಿಯಲು ಹೋದರೆ ಬಿಡುತ್ತಿಲ್ಲ, ಅಜ್ಜಿಯೇ ಹೊಲಿಯಬೇಕಂತೆ. ನಿಮ್ಮ ಮಗನಿಗೆ ಈ ತಿಂಗಳೂ ರಾತ್ರಿ ಪಾಳಿ. ಅವರು ಎಂಟಕ್ಕೆ ಬರುವಷ್ಟರಲ್ಲಿ ನಾನು ಅರ್ಧ ದಿನ ಬದುಕಿ ಮುಗಿಸಿರುತ್ತೇನೆ. ಮೂರೂ ನಲವತ್ತಕ್ಕೆ ಅಲಾರಂ ಇಟ್ಟಿರುತ್ತೇನೆ, ಮೂರೂಕಾಲಿಗೇ ಎಚ್ಚರವಾಗಿ ಅದು ಹೊಡೆಯಲಿ ಎಂದು ಕಾಯುತ್ತಾ ಮಲಗಿರುತ್ತೇನೆ. ಎದ್ದ ತಕ್ಷಣ ಗುಬ್ಬಿಯ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಹಲ್ಲುಜ್ಜಿ ಬಂದು ಇನ್ನೊಮ್ಮೆ. ಬಿಸಿನೀರು ಕುಡಿದು ಮತ್ತೊಮ್ಮೆ. ಉಸಿರಾಡುತ್ತಲೇ ಇರುತ್ತಾಳೆ, ಆದರೂ ನನಗೆ ನಂಬಿಕೆಯಿಲ್ಲ. ಫ್ರಿಜ್ಜಿನ ಮೇಲೆ ನಾನು ಅಂಟಿಸಿದ ವೇಳಾಪಟ್ಟಿ ಇನ್ನೂ ಇದೆ. ಏಳುವುದು, ವ್ಯಾಯಾಮ, ಮೂರು ಸಾಲು ಡೈರಿ, ಧ್ವನಿಮುದ್ರಣ, ಮಗುವಿಗೆ ಸ್ನಾನ, ಪತ್ರವ್ಯವಹಾರ. ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ನೀವು, "ಇದರಲ್ಲಿ ಉಸಿರಾಡೋಕೆ ಎಷ್ಟು ಗಂಟೆಗಮ್ಮಾ?" ಎಂದು ಕೇಳಿದಿರಿ. ನಾನು ನಗಲಿಲ್ಲ. ಈಗ ಒಬ್ಬಳೇ ಆ ಪಟ್ಟಿಯ ಮುಂದೆ ನಿಂತಾಗ ನಗು ಬರುತ್ತದೆ, ಕೇಳಿಸಿಕೊಳ್ಳಲು ನೀವಿಲ್ಲ.

ಮಕ್ಕಳು ಮಲಗುವಾಗ ಕೇಳುವ ನಲವತ್ತು ಕತೆಗಳಲ್ಲಿ ಮೂವತ್ತೊಂದು ಮುಗಿದಿವೆ. ತಿಂಗಳ ಕೊನೆಯೊಳಗೆ ಎಲ್ಲವನ್ನೂ ಓದಿ, ದನಿ ಮುದ್ರಿಸಿ, ಸದ್ದುಗದ್ದಲವೆಲ್ಲ ತೆಗೆದು ಕೊಟ್ಟರೆ ಇನ್ನು ನೂರು ಕತೆ ನನಗೇ ಎಂದು ಕಂಪನಿಯ ಮೇಡಂ ಹೇಳಿದ್ದಾರೆ. ತಡವಾದರೆ ಬೇರೆ ದನಿ ಹುಡುಕುತ್ತಾರಂತೆ. ಕೆಲಸ ಬಿಟ್ಟು ಸ್ವಂತ ಕೆಲಸಕ್ಕೆ ಕೈಹಾಕಿದಾಗ ಇನ್ನು ಮೇಲೆ ನಾನೇ ಮಾಲೀಕಳು ಎಂದು ಬೀಗಿದ್ದೆ. ಗುಮಾಸ್ತೆಯೂ ನಾನೇ, ಕಸ ಗುಡಿಸುವವಳೂ ನಾನೇ, ರಜೆ ಕೇಳಿದರೆ ಸಿಡುಕುವವಳೂ ನಾನೇ ಎಂದು ಆಮೇಲೆ ಗೊತ್ತಾಯಿತು. ಮೊನ್ನೆ ನಿಮ್ಮ ಮಗ ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿದರೆ ಅಲ್ಲಿ ನನ್ನದೇ ದನಿ, ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ ಎಂದಿತಂತೆ. ಹೋದ ವರ್ಷ ಓದಿಕೊಟ್ಟದ್ದು ಅದು. "ಮನೇಲೂ ಕಾಯ್ಬೇಕು, ಅಲ್ಲೂ ಕಾಯ್ಬೇಕು, ಅಲ್ಲಿ ದಯವಿಟ್ಟು ಅಂತಾದ್ರೂ ಅಂತೀಯ" ಎಂದರು. ತಮಾಷೆಗೇ ಅಂದದ್ದು. ಆದರೂ ಅದು ಎರಡು ದಿನ ನನ್ನನ್ನು ಕೊರೆಯಿತು.

ಇಷ್ಟೆಲ್ಲ ಬರೆದೆ, ಬರೆಯಬೇಕಾದ ವಿಷಯದ ಸುತ್ತಲೇ ಸುತ್ತುತ್ತಿದ್ದೇನೆ. ಆ ಸದ್ದಿನ ವಿಷಯ.

ನಿಮಗೆ ನೆನಪಿದ್ದೇ ಇರುತ್ತದೆ. ಆರು ಗಂಟೆಗೆ ಕೆಳಗಿನ ಮನೆಯವರು ನೀರಿನ ಮೋಟಾರು ಹಾಕುತ್ತಾರೆ, ಅದರ ಹಿಂದೆಯೇ ಕಸದ ಗಾಡಿ, ಸ್ಕೂಲ್ ವ್ಯಾನು. ಆದ್ದರಿಂದ ನಾಲ್ಕರಿಂದ ಆರು ಮಾತ್ರ ನನ್ನ ಹೊತ್ತು. ಸಾಮಾನು ಕೋಣೆಯ ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದು, ಬಾಗಿಲಿಗೂ ಒಂದು ಜೋತುಬಿಟ್ಟು, ಹೊರಗಡೆ ಚಿಲಕಕ್ಕೆ ಕೆಂಪು ಟವಲು ಕಟ್ಟಿ ಒಳಗೆ ಕೂರುತ್ತೇನೆ. ಕೆಂಪು ಟವಲು ಇದ್ದರೆ ಮನೆಯಲ್ಲಿ ಯಾರೂ ತುಟಿ ಬಿಚ್ಚಬಾರದು. ಗುಬ್ಬಿಗೂ ಅದನ್ನು ಕಲಿಸಿದ್ದೆ, ಅಮ್ಮಾ ಎಂದು ಕೂಗಬಾರದು ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದೆ. ಎಷ್ಟು ಬೇಗ ಕಲಿತಳು ಎಂದು ನಿಮ್ಮ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ ಬೇರೆ.

ಹನ್ನೆರಡನೇ ಕತೆಯಿಂದ ಆ ಸದ್ದು ಶುರುವಾಯಿತು. ಓದುವಾಗ ನನಗೆ ಕೇಳಿಸುತ್ತಿರಲಿಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ದನಿಯ ಗೆರೆ ನೋಡುವಾಗ ಎರಡು ಸಣ್ಣ ಮುಳ್ಳು ಎದ್ದಿರುತ್ತಿದ್ದವು. ಟಕ್, ಟಕ್. ಆಮೇಲೆ ಏನೂ ಇಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ದಿನಾ ಅವನ್ನು ಆರಿಸಿ ಬಿಸಾಡುತ್ತಿದ್ದೆ. ನಿಮ್ಮ ಕೋಲಿನ ಸದ್ದು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡೆ. ನಿಮಗೂ ಆ ಹೊತ್ತಿಗೆ ಎಚ್ಚರವಾಗುತ್ತದಲ್ಲ. ಕೋಲಿನ ತುದಿಗೆ ರಬ್ಬರು ತಂದು ಹಾಕಿದೆ. "ನನ್ನ ಕೋಲಿಗೂ ಚಪ್ಪಲಿ ಭಾಗ್ಯ ಬಂತು" ಎಂದು ನಕ್ಕಿರಿ. ಸದ್ದು ನಿಲ್ಲಲಿಲ್ಲ. ಹತ್ತೊಂಬತ್ತನೇ ಕತೆಯನ್ನು ಮೇಡಂ ಹಿಂದಕ್ಕೆ ಕಳಿಸಿದರು, ಒಳ್ಳೇ ಜಾಗದಲ್ಲೇ ಟಕ್ ಟಕ್ ಇದೆ, ತೆಗೆದರೆ ಮಾತೂ ಹೋಗುತ್ತದೆ, ಮತ್ತೆ ಓದಿ ಎಂದು. ಅವತ್ತು ನಾನು ನಿಮಗೆ ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. "ಎರಡು ಗಂಟೆ ಕೂತಲ್ಲೇ ಕೂರೋಕೆ ಏನತ್ತೆ ಕಷ್ಟ ನಿಮಗೆ? ನನ್ನ ಅನ್ನಕ್ಕೆ ಯಾಕೆ ಕಲ್ಲು ಹಾಕ್ತೀರಿ?" ನೀವು ಹುರುಳಿಕಾಯಿ ಸೋಸುತ್ತಿದ್ದಿರಿ, ತಲೆಯೆತ್ತಲಿಲ್ಲ. "ನಂದೇ ಇರ್ಬೇಕಮ್ಮ. ಕೋಲಿಗೂ ವಯಸ್ಸಾಯ್ತು" ಎಂದಿರಿ. ಮುಂದಿನ ವಾರ ಮಂಡಿಗೆ ಅಲ್ಲಿ ಒಳ್ಳೇ ಡಾಕ್ಟರಿದ್ದಾರೆ ಎಂದು ಮಗಳ ಮನೆಗೆ ಹೊರಟಿರಿ. ನಾನು ನಿಮ್ಮ ಚೀಲಕ್ಕೆ ಔಷಧಿ ತುಂಬಿಕೊಟ್ಟೆ. ಇರಿ ಎನ್ನಲಿಲ್ಲ.

ನೀವು ಹೋದ ಮರುದಿನ ಬೆಳಿಗ್ಗೆ ಗುಬ್ಬಿಯ ಹಾಸಿಗೆಯ ಎರಡೂ ಕಡೆ ದಿಂಬು ಅಡ್ಡ ಇಟ್ಟು ಒಳಗೆ ಕೂತೆ. ಮಧ್ಯಾಹ್ನ ಗೆರೆ ನೋಡಿದರೆ ಮತ್ತೆ ಅದೇ ಎರಡು ಮುಳ್ಳು. ನಿಮ್ಮ ಕೋಲಂತೂ ಮನೆಯಲ್ಲಿರಲಿಲ್ಲ. ಆದರೂ ಬುದ್ಧಿ ಎಲ್ಲಿಗೆ ಹೋಯಿತು ನೋಡಿ, ನಲ್ಲಿಯ ಪೈಪಿನ ಕಡೆಗೆ. ಒಂದು ವಾರ ಪೈಪನ್ನೇ ಬೈದುಕೊಂಡು, ಮೊನ್ನೆ ಭಾನುವಾರ ಪ್ಲಂಬರನ್ನು ಕರೆಸಿದೆ. ಅದೇ ನಮ್ಮ ಬೊಕ್ಕತಲೆಯವರು. ಬಚ್ಚಲಿನ ಪೈಪುಗಳಿಗೆಲ್ಲ ಕಿವಿಯಿಟ್ಟು ಕೇಳಿದರು, ನಲ್ಲಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಮುದ್ರಣವನ್ನೂ ಒಂದು ಸಲ ಕೇಳಿಸಿಕೊಂಡು, "ಪೈಪು ಹೊಡ್ಕೊಂಡ್ರೆ ಹೊಡ್ಕೊತಾನೇ ಇರುತ್ತಮ್ಮ. ಎರಡು ಸಲ ತಟ್ಟಿ ಸುಮ್ನಿರೋಷ್ಟು ಮರ್ಯಾದೆ ಅದಕ್ಕೆಲ್ಲಿ ಬರ್ಬೇಕು. ಇದು ಯಾರೋ ಮನುಷ್ಯರು" ಎಂದು ಹೇಳಿ, ಬಂದದ್ದಕ್ಕೆ ಏನೂ ತೆಗೆದುಕೊಳ್ಳದೆ ಹೋದರು.

ನಿನ್ನೆ ಮಧ್ಯಾಹ್ನ ಗುಬ್ಬಿ ಮಲಗಿದ್ದಾಗ ಕೇಳಿದೆ. ಏನನ್ನೂ ತೆಗೆಯುವ ಮೊದಲಿನ ಪ್ರತಿಗಳೂ ನನ್ನ ಹತ್ತಿರ ಇವೆ. ಮೂವತ್ತೊಂದನೆಯ ಕತೆಯಲ್ಲಿ ಮುಳ್ಳು ಇರುವ ಜಾಗಕ್ಕೆ ಹೋಗಿ, ದನಿಯನ್ನು ಎಷ್ಟು ಏರಿಸಬಹುದೋ ಅಷ್ಟು ಏರಿಸಿ ಹೆಡ್‌ಫೋನ್ ಹಾಕಿಕೊಂಡೆ. ಆನೆಮರಿ ಕೆರೆ ದಾಟುವ ಸಾಲನ್ನು ನಾನು ಗಂಟಲು ಹರಿಯುವಷ್ಟು ಜೋರಾಗಿ ಓದುತ್ತಿದ್ದೇನೆ. ಅದರ ಹಿಂದೆ, ನೆಲದ ಮಟ್ಟದಲ್ಲಿ, ಟಕ್, ಟಕ್. ಆಮೇಲೆ ಉಸಿರು. ಬಾಗಿಲ ಸಂದಿಗೆ ಮೂಗಿಟ್ಟುಕೊಂಡ ಸಣ್ಣ ಉಸಿರು. ನಾನು ಒಂದು ಪುಟ ಓದಿ ಮುಗಿಸುವವರೆಗೂ ಅದು ಅಲ್ಲೇ ಇದೆ. ಪುಟ ಮಗುಚಿದೆ. ಆಗ ಅವಳು ಗುಟ್ಟಿನಲ್ಲಿ ಮಾತಾಡಿದಳು ಅತ್ತೆ, ನನ್ನ ಹತ್ತಿರ ಅಲ್ಲ, ಮೊಲದ ಹತ್ತಿರ. "ಬಾ ಮರೀ. ಅಮ್ಮ ಕತೆ ಹೇಳ್ತಿದಾಳೆ. ಆಮೇಲೆ ಬರೋಣ." ಬರಿಗಾಲು ಪಟಪಟ ಎಂದು ದೂರ ಹೋಯಿತು. ದಿಂಬುಗಳು ಜರುಗಿರುವುದನ್ನು ದಿನಾ ನೋಡಿ, ನಿದ್ದೆಯಲ್ಲಿ ಒದ್ದುಕೊಂಡಿದ್ದಾಳೆ ಎಂದು ಸರಿಮಾಡಿ ಇಡುತ್ತಿದ್ದವಳು ನಾನು. ಅವಳು ಎದ್ದು ಬಂದು, ತಟ್ಟಿ, ಕಾದು, ತಾನೇ ಹೋಗಿ ಮಲಗುತ್ತಿದ್ದಳು. ಬೇರೆ ಮಕ್ಕಳು ನಿದ್ದೆ ಹೋಗಲಿ ಎಂದು ನಾನು ಅವಳನ್ನು ಆರಿಸಿ ಆರಿಸಿ ತೆಗೆಯುತ್ತಿದ್ದೆ.

ಆ ಮಾತನ್ನು ಅವಳಿಗೆ ಯಾರು ಕಲಿಸಿದರು ಎಂದು ಸಂಜೆಯವರೆಗೂ ಯೋಚಿಸಿದೆ, ರಾತ್ರಿಯೆಲ್ಲ ಹೊರಳಾಡಿದೆ.

ಇವತ್ತು ಮೂವತ್ತೆರಡನೇ ಕತೆ ಓದಬೇಕಿತ್ತು. ಮೈಕು ಹಾಕಿಲ್ಲ. ಅಭ್ಯಾಸಬಲದಿಂದ ಇಲ್ಲಿಯೇ ಬಂದು ಕೂತಿದ್ದೇನೆ. ಚಿಲಕದ ಟವಲು ಬಿಚ್ಚಿಟ್ಟಿದ್ದೇನೆ, ಬಾಗಿಲಿನ ರಜಾಯಿಯನ್ನೂ ತೆಗೆದಿದ್ದೇನೆ. ಉಳಿದ ಒಂಬತ್ತನ್ನು ಯಾವಾಗ ಓದುತ್ತೇನೋ ಗೊತ್ತಿಲ್ಲ. ಹತ್ತು ದಿನ ಹೆಚ್ಚು ಕೊಡಿ ಎಂದು ಮೇಡಂಗೆ ನಿನ್ನೆಯೇ ಬರೆದೆ, ಇನ್ನೂ ಉತ್ತರವಿಲ್ಲ. ನೂರು ಕತೆ ಕೈತಪ್ಪಿದರೆ ಎಂದು ಎದ್ದಾಗಿನಿಂದ ಮೂರು ಸಲ ಫೋನ್ ತೆಗೆದು ನೋಡಿದೆ. ಸುಳ್ಳು ಹೇಳುವುದಿಲ್ಲ, ಆ ನೂರು ನನಗೆ ಬೇಕು. ಗುಬ್ಬಿಯನ್ನು ಒಳಗೆ ಕರೆದು ಮಡಿಲಲ್ಲಿ ಕೂರಿಸಿಕೊಂಡು ಓದಬಹುದೇ? ಅವಳ ಉಸಿರು ಮುದ್ರಣದಲ್ಲಿ ಸಿಗುತ್ತದೆ. ಸಿಗಲಿ ಎನಿಸುತ್ತದೆ, ಮರುಕ್ಷಣವೇ ಮೇಡಂ ಮುಖ ಕಣ್ಣೆದುರು ಬರುತ್ತದೆ. ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ಕಿತ್ತುಹಾಕಿಲ್ಲ. ನಾಲ್ಕೂ ಐವತ್ತರ ಮುಂದೆ ಪೆನ್ಸಿಲಿನಲ್ಲಿ ಬಾಗಿಲು ಎಂದಷ್ಟೇ ಬರೆದಿದ್ದೇನೆ. ಅವಳು ಬರುವ ಹೊತ್ತು ಅದೇ. ಎಲ್ಲ ಮುದ್ರಣಗಳನ್ನೂ ಅಳೆದು ನೋಡಿದೆ, ಐದು ನಿಮಿಷ ಆಚೀಚೆಯಾಗುವುದಿಲ್ಲ.

ನಾದಿನಿಗೂ ಅವಳ ಮನೆಯವರಿಗೂ ನನ್ನ ನೆನಪು ತಿಳಿಸಿ. ಮಾತ್ರೆಗಳನ್ನು ಊಟದ ಮೇಲೆಯೇ ತೆಗೆದುಕೊಳ್ಳಿ. ಗುಬ್ಬಿಯ ತಲೆಯ ಮೇಲೆ ನಿಮ್ಮ ಕೈ ಯಾವಾಗಲೂ ಇರಲಿ. ನನ್ನ ತಲೆಯ ಮೇಲೂ, ಇಡಬೇಕು ಎನಿಸಿದರೆ.

ನಿಮ್ಮ ಸೊಸೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ನಿನ್ನೆ ಸಂಜೆ ನೀವಿದ್ದಾಗಿನ ಪ್ರತಿಗಳನ್ನೂ ಕೇಳಿದೆ, ಹನ್ನೆರಡನೆಯದರಿಂದ. ಎಲ್ಲದರಲ್ಲೂ ಮೊದಲು ಅವಳು ತಟ್ಟುವುದು, ಆಮೇಲೆ ಗೋಡೆ ಸವರಿಕೊಂಡು ಕಾಲೆಳೆಯುತ್ತಾ ನೀವು ಬರುವುದು. ಕೋಲು ಊರಿದ ಸದ್ದು ಒಂದರಲ್ಲೂ ಇಲ್ಲ. ನೀವು ಕೋಲನ್ನೇ ಬಿಟ್ಟು ಬರುತ್ತಿದ್ದಿರಿ, ಆ ಮಂಡಿಯಲ್ಲಿ. "ಬಾ ಮರೀ, ಅಮ್ಮ ಕತೆ ಹೇಳ್ತಿದಾಳೆ, ಆಮೇಲೆ ಬರೋಣ." ನಿಮ್ಮ ದನಿ. ನಾನು ಬೈದ ಮರುದಿನವೂ ಅದೇ ದನಿ. ಗೊತ್ತಿದ್ದೂ ನಂದೇ ಎಂದಿರಿ. ಗುಬ್ಬಿ ಎಂದಿದ್ದರೆ ನಾನು ಕೆಲಸ ನಿಲ್ಲಿಸಿಬಿಡುತ್ತಿದ್ದೆ ಎಂದಲ್ಲವೇ? ನಿಮ್ಮ ಮಗ ಶನಿವಾರ ಅಲ್ಲಿಗೆ ಬರುತ್ತಾರೆ, ಅವರ ಜೊತೆ ಬಂದುಬಿಡಿ. ಮಗು ನೋಡಿಕೊಳ್ಳಲು ಕರೆಯುತ್ತಿಲ್ಲ. ಮೊಲದ ಕಿವಿಯೂ ನೆಪ. ತಪ್ಪಾಯಿತು ಎಂದು ಎದುರಿಗೆ ನಿಂತು ಹೇಳಬೇಕು, ಕೋಲಿನ ರಬ್ಬರನ್ನು ನಾನೇ ಕಿತ್ತು ಹಾಕಬೇಕು, ನೀವು ಮನೆತುಂಬ ಟಕಟಕ ಎಂದು ಓಡಾಡಬೇಕು. ಇನ್ನೂ ಏನೋ ಬರೆಯಬೇಕಿತ್ತು, ಈಗ ತಟ್ಟಿದಳು. ಒಂದೇ ಸಲ. ಎರಡನೆಯದರ ಒಳಗೆ ಬಾಗಿಲು ತೆಗೆಯಬೇಕು.