ನಿನ್ನ ಮೀನು, ನನ್ನ ಟವೆಲ್ಲು

ಮನೆಯಿಂದ,
ಒಂಬತ್ತನೇ ತಾರೀಕು, ಮಂಗಳವಾರ

ಪ್ರೀತಿಯ ಮೊಮ್ಮಗಳೇ,

ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿದವನ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯಲ್ಲ, ನಿನಗೆ ಬುದ್ಧಿ ಇದೆಯಾ? ಫೋನು ಸಿಗದ ಬೆಟ್ಟದಲ್ಲಿ ಹೋಗಿ ಕೂತವಳು ನೀನು, ಬೆರಳು ನೋಯುತ್ತಿರುವುದು ನನಗೆ. ಇರಲಿ. ಆರೋಗ್ಯವಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಮೇಲಿನ ಹಳ್ಳದಲ್ಲಿ ಆ ಗೆರೆಮೀನು ಒಂದಾದರೂ ಸಿಕ್ಕಿತಾ? ಸಿಗದಿದ್ದರೆ ನಮ್ಮ ತೊಟ್ಟಿಯಲ್ಲಿರುವವೇ ಕೊನೆಯವು ಎಂದು ನೀನೇ ಹೇಳಿದ್ದೆ. ಕೆಳಗಿನ ಹಳ್ಳದಲ್ಲಂತೂ ಸೇತುವೆ ಕಟ್ಟುವವರು ಮರಳೆಲ್ಲ ಬಗೆದು, ಈಗ ಕೆಸರು ಬಿಟ್ಟರೆ ಏನೂ ಇಲ್ಲ.

ನಿನ್ನ ಮೀನುಗಳು ಚೆನ್ನಾಗಿವೆ. ನಾವು ಚೆನ್ನಾಗಿಲ್ಲ. ಸ್ನಾನದ ತೊಟ್ಟಿ ಅವುಗಳದ್ದು, ನನಗೆ ಒಂದು ಬಕೆಟ್ಟು. ಬಚ್ಚಲಲ್ಲಿ ಸೋಪು ಹಚ್ಚುವ ಹಾಗಿಲ್ಲ, ಜೋರಾಗಿ ಕೆಮ್ಮುವ ಹಾಗಿಲ್ಲ. ನಿನ್ನಜ್ಜಿ ಇಷ್ಟು ವರ್ಷ ನನ್ನ ಜೊತೆ ಆಡದ ಮೆತ್ತನೆಯ ಮಾತನ್ನೆಲ್ಲ ಅವುಗಳ ಜೊತೆ ಆಡುತ್ತಾಳೆ. “ಊಟ ಆಯ್ತಾ ಕಂದಾ?” ಅಂತೆ. ಇತ್ತ ನಾನು ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತಿರುತ್ತೇನೆ.

ಮೊನ್ನೆ ಅವಳ ತಮ್ಮ ಬಂದಿದ್ದ. “ಇದೇನು ಭಾವ, ಮಣ್ಣು ಬಣ್ಣದ ಮೀನು! ಸ್ವಲ್ಪ ಕಳೆ ಬರಲಿ” ಎಂದು ಅಂಗಡಿಯಿಂದ ಎರಡು ಕೆಂಪು ಮೀನು ತಂದು, ನನಗೆ ಹೇಳದೆ ತೊಟ್ಟಿಗೆ ಬಿಟ್ಟ. ಸಂಜೆಗೆ ನಿನ್ನ ಮೀನೊಂದಕ್ಕೆ ಅರ್ಧ ಬಾಲ. ಹಾಕಿಕೊಂಡ ಬಟ್ಟೆಯಲ್ಲೇ ತೊಟ್ಟಿಗಿಳಿದೆ. ಕೈಗೆ ಸಿಗಲಿಲ್ಲ, ಹಾಳಾದವು. ಕೊನೆಗೆ ಕೋಟಿಗೆಂದು ಇಟ್ಟಿದ್ದ ಲೈನಿಂಗ್ ಬಟ್ಟೆಯಲ್ಲಿ ಒಂದು ಜೋಳಿಗೆ ಹೊಲಿದು ಆ ಪುಂಡರನ್ನು ಹಿಡಿದೆ. ದರ್ಜಿ ಕೆಲಸ ಬಿಟ್ಟ ಮೇಲೆ ಹೊಲಿದದ್ದು ಅದೊಂದೇ. ಭಾವಮೈದ “ಕಾಲುವೆಗೆ ಬಿಟ್ಟು ಬರ್ತೀನಿ” ಎಂದು ಹೊರಟ. ಇಲ್ಲಿ ಬಾಲ ಕಚ್ಚಿದ್ದು ಕಾಲುವೆಗೆ ಹೋದರೆ ಸಾಧುವಾಗುತ್ತದೆಯೇ? “ಅವನ್ನ ಬಿಟ್ಟರೆ ಹಿಂದೇನೇ ನಿನ್ನನ್ನೂ ತಳ್ತೀನಿ” ಎಂದೆ. ಈಗ ಅವು ಅನ್ನದ ಪಾತ್ರೆಯಲ್ಲಿವೆ. ಹಾಗಾದರೆ ಅನ್ನ ಯಾವುದರಲ್ಲಿ ಎಂದು ಕೇಳಿದ್ದಕ್ಕೆ ನಿನ್ನಜ್ಜಿ ಮಾತು ಬಿಟ್ಟಿದ್ದಾಳೆ.

ನಿನ್ನೆ ನಿಮ್ಮ ಮೀನಿನ ಆಫೀಸಿನ ದೊಡ್ಡ ಸಾಹೇಬರು ಬಂದರು. ತೊಟ್ಟಿಗೆ ಇಣುಕಿ, “ತಿನ್ನೋಕೆ ಬರುತ್ತಾ?” ಎಂದರು. ಇಲ್ಲ, ಬರೀ ಮುಳ್ಳು ಎಂದೆ. “ನೋಡೋಕೂ ಚೆನ್ನಾಗಿಲ್ಲವಲ್ರೀ” ಎಂದರು. ಮೊದಲ ದಿನ ನಾನೂ ನಿನ್ನನ್ನು ಇದನ್ನೇ ಕೇಳಿದ್ದೆ, ಸರಿ. ಆದರೆ ಅವರ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿಯಿತು. “ನನ್ನನ್ನೂ ತಿನ್ನೋಕೆ ಬರಲ್ಲ, ನಾನೂ ನೋಡೋಕೆ ಚೆನ್ನಾಗಿಲ್ಲ. ಏನೀಗ?” ಎಂದೆ. ಕಾಫಿ ಕುಡಿಯದೆ ಎದ್ದು ಹೋದರು. ಇಪ್ಪತ್ತನೇ ತಾರೀಕು ಗಾಡಿ ಕಳಿಸಿ, ಎಲ್ಲವನ್ನೂ ಅಣೆಕಟ್ಟಿನ ನೀರಿಗೆ ಬಿಡಿಸುತ್ತಾರಂತೆ. ಅಲ್ಲಿ ಸಾಕಲು ಬಿಟ್ಟಿರುವ ಮೀನು ಒಂದೊಂದೂ ನನ್ನ ತೋಳಿನಷ್ಟಿದೆ. ನಿನ್ನವು ಅವಕ್ಕೆ ಬೆಳಗಿನ ತಿಂಡಿಗೂ ಸಾಲವು.

“ಅವಳನ್ನ ಕೇಳಿದೆ ಅಂತ ಬರೀಬೇಕಂತೆ” ಎಂದು ಅಜ್ಜಿ ಗೋಡೆಗೆ ಹೇಳಿದಳು, ನನಗೆ ಕೇಳಿಸಿತು. ಚೆನ್ನಾಗಿರು ಮಗಳೇ. ರಾತ್ರಿ ಕಾಲು ಒಣಗಿಸಿಕೊಂಡು ಮಲಗು.

ನಿನ್ನ ಅಜ್ಜ

ಮರೆತಿದ್ದೆ. ನಿನಗೆ ಅಕ್ಕಿ, ಕಾಗದ ತರುವ ಜೀಪಿನವನು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಹೊಡೆಯಲಿ. ಅವತ್ತು ತೊಟ್ಟಿಗಿಳಿದಾಗ ನನ್ನ ಹೆಗಲ ಟವೆಲ್ಲು ಅಲ್ಲೇ ಬಿದ್ದಿತ್ತು. ಈಗ ತೆಗೆಯಹೋದರೆ ಅದರ ತುಂಬ ಮೊಟ್ಟೆ, ಸಾಸಿವೆಗಿಂತ ಸಣ್ಣವು! ನೋಡುತ್ತಿದ್ದಂತೆ ಆ ಅರ್ಧ ಬಾಲದ್ದೇ ಬಂದು ಒಂದನ್ನು ನುಂಗಿತು. ಬೈದೆ, ನಾಚಿಕೆಯೇ ಇಲ್ಲ. ಟವೆಲ್ಲನ್ನು ಅದೇ ನೀರಿನ ಜೊತೆ ಬಕೆಟ್ಟಿಗೆ ಹಾಕಿ ಬಚ್ಚಲಿಗೆ ಬೀಗ ಜಡಿದಿದ್ದೇನೆ. ತೊಟ್ಟಿ, ಬಕೆಟ್ಟು, ಟವೆಲ್ಲು ಮೂರೂ ಹೋದವು. ಇನ್ನು ನಾನು ಸ್ನಾನ ಮಾಡುವುದಿಲ್ಲ, ಆ ಗಾಡಿಯವರನ್ನು ಹತ್ತಿರ ಬಿಡುವುದೂ ಇಲ್ಲ. ಮರಿ ಹೊರಬಂದರೆ ತಿನ್ನಲು ಏನು ಕೊಡಬೇಕು? ಹನ್ನೆರಡನೇ ತಾರೀಕು, ಶುಕ್ರವಾರದೊಳಗೆ ಉತ್ತರ ಬರಬೇಕು.