ಕಿರುಗುಟ್ಟದ ಬಾಗಿಲು

ನವೆಂಬರ್ ೧೪, ಗುರುವಾರ. ಡುಲೂತ್.

ಓದಿದ್ದು ಪ್ರೇಮಕಥೆ, ಉಳಿದದ್ದು ತಲೆವ್ಯಥೆ. ಗೆಳತಿ ಲೋರ್ನಾ ಕೊಟ್ಟ ಕಾದಂಬರಿಯಲ್ಲಿ ಗಂಡ ತನ್ನ ಕಾಯಿಲೆಯನ್ನು ಹೆಂಡತಿಗೆ ಹೇಳದೆ, ಮನೆಯಲ್ಲಿ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡುತ್ತಾನೆ. ಕೊನೆಯ ರಿಪೇರಿ ಮುಗಿದ ರಾತ್ರಿ ಸಾಯುತ್ತಾನೆ. ನಿನ್ನೆ ಓದಿ ಮುಗಿಸಿ ಚೆನ್ನಾಗಿ ಅತ್ತೆ.

ಇವತ್ತು ಕೆಲಸದಿಂದ ಬಂದು ಬಾಗಿಲು ತೆಗೆದರೆ ಸದ್ದೇ ಇಲ್ಲ. ವರ್ಷಗಟ್ಟಲೆ ಕಿರುಗುಟ್ಟಿದ ಬಾಗಿಲು ಅದು. ಒಳಗೆ ನನ್ನ ಗಂಡ ರಸೆಲ್, ಸೋಫಾ ಬಿಟ್ಟೇಳದ ಮಹಾನುಭಾವ, ಸಿಂಕಿನ ಕೆಳಗೆ ಮಲಗಿ ನಲ್ಲಿ ಬಿಗಿ ಮಾಡುತ್ತಿದ್ದ.

“ಏನೋ, ಮೈ ಹುಷಾರಿಲ್ವಾ?”

“ಆಮೇಲೆ ನಿಂಗೆ ತೊಂದ್ರೆ ಆಗ್ಬಾರ್ದಲ್ಲ ಕಣೇ.”

“ಆಮೇಲೆ ಅಂದ್ರೆ ಯಾವಾಗ?”

“ಸುಮ್ನೆ ಅಂದೆ. ಇನ್ನೊಂದೇ ಬಾಕಿ. ನಾಳೆ ಮುಗಿಸ್ಬಿಡ್ತೀನಿ.”

ಅವನು ಸ್ನಾನಕ್ಕೆ ಹೋದಾಗ ಅಡುಗೆಮನೆ ಕಪಾಟಿನ ಸ್ಕ್ರೂಗಳನ್ನೆಲ್ಲ ಸಡಿಲಿಸಿದೆ. ನಾಡಿದ್ದಿಗೆ ಬೇರೇನಾದರೂ ಕೆಡಿಸಬೇಕು.